ಮೂವತ್ತೊಂದು ಗಜ

ಶನಿವಾರ ಮಧ್ಯಾಹ್ನ ಟೈರಂಗಡಿಯ ಟೀವಿಯಲ್ಲಿ
ಓರಿನ್ ಡ್ರೈಲಿಂಗ್ ಬರುತ್ತಾನೆ, ನನ್ನ ಕೋಚು.
ನೀಲಿ ಕೋಟು, ಕೆನ್ನೆಗೆ ಬಳಿದ ಗೋಧಿ ಬಣ್ಣ,
ತಲೆಗೂದಲು ಹೋದ ವರ್ಷಕ್ಕಿಂತ ಕಪ್ಪು.
ಗಿರಾಕಿಗಳು ಕಾಫಿ ಹಿಡಿದು ನೋಡುತ್ತಾರೆ.
ನಾನು ಚಕ್ರದ ನಟ್ಟು ಬಿಚ್ಚುತ್ತ
ದನಿಗೆ ಮಾತ್ರ ಕಿವಿ ಕೊಡುತ್ತೇನೆ.

ಅದು ಅವನ ದನಿಯಲ್ಲ.

ಅವನ ದನಿ ಅಂದರೆ ಕಾನ್ಸಾಸಿನ ಆಗಸ್ಟು:
ಬೆಳಗಿನ ಏಳಕ್ಕೇ ಕಾದ ಕಾವಲಿಯಾದ ಬಯಲು,
ಗಂಟಲು ಹರಿದು ಬರುವ ಬೈಗುಳ,
ಸಿಳ್ಳೆ ಕಚ್ಚಿ ಕಚ್ಚಿ ಸವೆದ ಮುಂದಿನ ಹಲ್ಲು.
ಅಮ್ಮನನ್ನೂ ಸೇರಿಸಿ ಬೈಯುತ್ತಿದ್ದ,
ಸಂಜೆ ಅದೇ ಅಮ್ಮನಿಗೆ ಫೋನು ಮಾಡಿ
ಹುಡುಗ ಸರಿಯಾಗಿ ಉಣ್ಣುತ್ತಿಲ್ಲ ತಾಯಿ, ಎನ್ನುತ್ತಿದ್ದ.
ನಮ್ಮಮ್ಮನಿಗೆ ಇಂಗ್ಲಿಷ್ ಬಾರದು.
ಅವನಿಗೆ ಸ್ಪ್ಯಾನಿಷ್ ಬಾರದು.
ಇಪ್ಪತ್ತು ನಿಮಿಷ ಮಾತಾಡುತ್ತಿದ್ದರು.

ಕಾಲ್ಚೆಂಡು ಅನ್ನುತ್ತಾರೆ ಇದನ್ನು.
ಚೆಂಡು ದುಂಡಗಿಲ್ಲ, ಕಾಲು ತಾಕುವುದೇ ಅಪರೂಪ.
ತೊಂಬತ್ತು ಮಂದಿಯ ತಂಡದಲ್ಲಿ
ಒದೆಯಲೆಂದೇ ಇದ್ದವರು ನಾನು, ಇನ್ನೊಬ್ಬ.
ಎಫ್ರೆನ್ ಊರಿಬೆ, ಕಸಾಯಿಖಾನೆ ಕಾಲೊನಿಯವನು,
ಧೂಳಲ್ಲಿ ದುಂಡು ಚೆಂಡು ಒದ್ದು ಪಳಗಿದ ಕಾಲು.
ಉಳಿದವರ ಅಂಗಿಗೆ ಕೆಸರು, ರಕ್ತ.
ನನ್ನದನ್ನು ಒಗೆಯುವುದೇ ಬೇಡ.
ಮದುವೆ ಗಂಡು ಬಂದ, ದಾರಿ ಬಿಡ್ರೋ, ಎನ್ನುತ್ತಿದ್ದ ಕೋಚು.

ಅದಕ್ಕೂ ಮುಂಚೆ ಆರು ಕಾಲೇಜು, ಆರು ಊರು.
ಯಾವ ಮನೆಯ ಗೋಡೆಗೂ ಮೊಳೆ ಹೊಡೆದವಳಲ್ಲ
ಅವನ ಹೆಂಡತಿ ಲವೋನ್.
ನಮ್ಮಲ್ಲಿ ಹನ್ನೊಂದು ವರ್ಷ. ಹೊಡೆದಳು.
ಗೆದ್ದಾಗ ಬೇಕರಿಯವರು ಅವನ ಮೋರೆಯ ಬಿಸ್ಕತ್ತು ಮಾಡಿದರು.
ಸೋತಾಗ ಯಾರೋ ರಾತ್ರೋರಾತ್ರಿ
ಅಂಗಳದಲ್ಲಿ 'ಮನೆ ಮಾರಾಟಕ್ಕಿದೆ' ಫಲಕ ನೆಟ್ಟರು.
ಅವಳದನ್ನು ಕಿತ್ತು
ಟೊಮೆಟೊ ಗಿಡಕ್ಕೆ ಊರುಗೋಲು ಕೊಟ್ಟಳು.

ಕೊನೆಯ ವರ್ಷ, ನವೆಂಬರು, ಗಾಳಿ ವಾಯವ್ಯದಿಂದ.
ಎರಡು ಅಂಕ ಹಿಂದೆ. ನಾಲ್ಕು ಸೆಕೆಂಡು. ಮೂವತ್ತೊಂದು ಗಜ.
ನಿದ್ದೆಯಲ್ಲೂ ಒದೆಯಬಹುದಾದ ದೂರ.
ಈಗಲೂ ನಿದ್ದೆಯಲ್ಲಿ ಒದೆಯುತ್ತೇನೆ,
ನನ್ನವಳು ಮಂಚದ ಆ ತುದಿಗೆ ಸರಿಯುತ್ತಾಳೆ.
ಎಡಕ್ಕೆ ಹೋಯಿತು.
ಕಂಬಕ್ಕೆ ತಾಗಿದ್ದರೆ ಒಂದು ಸದ್ದಾದರೂ ಸಿಗುತ್ತಿತ್ತು.
ಹೀಗೆ, ಸುಮ್ಮನೆ, ಎಡಕ್ಕೆ.

ಸೋಮವಾರ ಅವನನ್ನು ಕಳಿಸಿದರು.
ರಟ್ಟಿನ ಡಬ್ಬ ಹೊತ್ತು ಲಾಕರ್ ಕೋಣೆಗೆ ಬಂದ,
ನನ್ನೆದುರು ನಿಂತ, ಬಾಯಿ ತೆರೆದ.
ದನಿಯಿಲ್ಲ. ಶನಿವಾರವೇ ಕಿತ್ತುಹೋಗಿತ್ತು.
ನನ್ನ ಬಲಗಾಲಿನ ಲೇಸು ಸಡಿಲಾಗಿದ್ದು ಕಂಡು
ಡಬ್ಬ ಕೆಳಗಿಟ್ಟ, ಮಂಡಿಯೂರಿ ಕಟ್ಟಿದ,
ಡಬ್ಬ ಎತ್ತಿಕೊಂಡ.

ಈಗ ಅವನಿಗೆ ಗಾಜಿನ ಪರದೆ, ಹಳದಿ ಗೆರೆ ಎಳೆಯುವ ಬೆರಳು.
ಓಡುವವರನ್ನು ನಿಲ್ಲಿಸುತ್ತಾನೆ, ಹಿಂದಕ್ಕೆ ನಡೆಸುತ್ತಾನೆ,
ಬಿದ್ದವರನ್ನು ಎಬ್ಬಿಸುತ್ತಾನೆ,
ದೇವರಿಗೂ ಇಲ್ಲದ ಸವಲತ್ತು.
ಇಲ್ಲಿ ನೋಡಿ, ಎಂದು ಸುತ್ತು ಹಾಕುತ್ತಾನೆ.
ಒಳಗೆ ಸಿಕ್ಕ ಹತ್ತೊಂಬತ್ತರ ಹುಡುಗನಿಗೆ
ಹೊರಬರಲು ಎಷ್ಟು ವರ್ಷ ಬೇಕೋ.

ಹೋದ ವಾರ ಹಳೆಯ ಆಟಗಳನ್ನು ತೋರಿಸುತ್ತಿದ್ದರು.
ಹೇಳದೆ ಕೇಳದೆ ನಾನು ಬಂದೆ,
ತೆಳ್ಳಗೆ, ಬೆಳ್ಳಗೆ, ಮದುವೆ ಗಂಡು.
ಪಕ್ಕದ ಕುರ್ಚಿಯ ನಗುಮೊಗದವ ಕೇಳಿದ:
ತಪ್ಪಿದ್ದೆಲ್ಲಿ, ಕೋಚ್?
ಬೆರಳೆದ್ದಿತು. ನನ್ನ ಕಡೆಗೇ ಬಂತು.
ಊರಿದ ಎಡಗಾಲು ಅರ್ಧ ಗೇಣು ಮುಂದಿತ್ತು,
ಅವನಿಗೆ ಗೊತ್ತು, ನನಗೂ ಗೊತ್ತು.
ಬೆರಳು ಅದನ್ನು ದಾಟಿತು.
ಮೈದಾನದಂಚಿಗೆ ಹೋಗಿ
ಟೋಪಿ ವಾರೆಯಾದ ಒಬ್ಬ ಬೊಜ್ಜಿನ ಗಂಡಸಿನ ಸುತ್ತ
ಹಳದಿ ಬಳೆ ತೊಡಿಸಿತು.
ಇವನ ಬಳಿ ಇನ್ನೊಂದು ಟೈಮ್‌ಔಟ್ ಇತ್ತು.
ಗಾಳಿ ತಗ್ಗುವ ತನಕ ಕಾಯಬೇಕಿತ್ತು.
ಹುಡುಗನಿಗೆ ಉಸಿರು ಬಿಡಲು ಬಿಡಲಿಲ್ಲ ಈತ.

ಸುಳ್ಳು.
ಟೈಮ್‌ಔಟ್ ಒಂದೂ ಉಳಿದಿರಲಿಲ್ಲ.
ಪರದೆಯ ಮೂಲೆಯಲ್ಲೇ ಸೊನ್ನೆ ಕೂತಿತ್ತು,
ಯಾರೂ ಅತ್ತ ನೋಡಲಿಲ್ಲ.

ಆಯ್ತೇನಪ್ಪಾ, ಎಂದ ಟ್ರಕ್ಕಿನವ.
ಬಿಗಿದ ನಟ್ಟನ್ನೇ ಮತ್ತೆ ಬಿಗಿಯುತ್ತಿದ್ದೆ.

ರಾತ್ರಿ ಅಮ್ಮನಿಗೆ ಫೋನು ಮಾಡಿದೆ.
ಆ ಮನುಷ್ಯ ಆಗೆಲ್ಲ ಅಷ್ಟು ಹೊತ್ತು
ನಿನಗೆ ಏನು ಹೇಳುತ್ತಿದ್ದನಮ್ಮ?
ಯಾರಿಗೆ ಗೊತ್ತು ಮಗನೇ, ಅಂದಳು.
ಪಾಪ, ಹೇಳಿಕೊಳ್ಳುತ್ತಿದ್ದ.
ನಾನು ಹೂಂ ಅನ್ನುತ್ತಿದ್ದೆ.